ಮೊನಾಕೊ ಗ್ರಾಂಪ್ರಿ ಬೋರ್ ಹೊಡೀದೆ ನೋಡೋದು ಹೆಂಗೆ

ಪ್ರತಿ ವರ್ಷ ಎಫ್ ಒನ್ (ಫಾರ್ಮುಲಾ ಒನ್) ಕಾರುಗಳ ಮೊನಾಕೊ ರೇಸ್ ಮುಗೀತಿದ್ದಂಗೆ ಅದೇ ರಾಗ ಶುರು, ಏನ್ ಗುರು ಇದು ರೇಸಾ ಮೆರವಣಿಗೆನಾ, ಒಬ್ರೂ ಓವರ್‌ಟೇಕ್ ಮಾಡ್ಲಿಲ್ಲ ಅಂತ. ಸುಳ್ಳೇನಲ್ಲ ಬಿಡಿ, 2024ರಲ್ಲಂತೂ ಮೊದಲ ಹತ್ತು ಜನ ಯಾವ ಆರ್ಡರಲ್ಲಿ ಹೊರಟ್ರೋ ಅದೇ ಆರ್ಡರಲ್ಲಿ ಬಂದು ಮುಟ್ಟಿದ್ರು. ಆದ್ರೆ ಹಿಂಗೆ ಬೈಯೋರಲ್ಲಿ ಮುಕ್ಕಾಲು ಪಾಲು ಜನ ಟಿವಿ ಹಾಕೋದೇ ಭಾನುವಾರ. ಊರಿನ ಇಕ್ಕಟ್ಟು ರಸ್ತೆಯಲ್ಲಿ ಓಡೋ ರೇಸ್ ಅದು, ದಾಟೋಕೆ ಜಾಗವೇ ಇರಲ್ಲ, ಅದಕ್ಕೇ ಅಸಲಿ ರೇಸ್ ನಡೆಯೋದು ಶನಿವಾರ.

ಹಂಗಾಗಿ ಒಂದೇ ದಿನ ಟೈಮ್ ಇರೋದು ಅಂದ್ರೆ ಕ್ವಾಲಿಫೈಯಿಂಗ್ (ಲ್ಯಾಪ್ ಟೈಮ್ ನೋಡಿ ಯಾರು ಯಾವ ಜಾಗದಿಂದ ಹೊರಡ್ಬೇಕು ಅಂತ ತೀರ್ಮಾನ ಮಾಡೋ ಸೆಷನ್) ನೋಡಿ, ರೇಸ್ ಬೇಕಾದ್ರೆ ಹೈಲೈಟ್ಸ್ ನೋಡ್ಕೊಳ್ಳಿ. ನಮ್ಮ ಟೈಮಲ್ಲಿ ಸಾಮಾನ್ಯವಾಗಿ ಶನಿವಾರ ಸಂಜೆ 7:30ಕ್ಕೆ ಕ್ವಾಲಿಫೈಯಿಂಗ್, ಭಾನುವಾರ 6:30ಕ್ಕೆ ರೇಸ್. ಒಂದು ಲ್ಯಾಪ್ ಬರೀ 3.337 ಕಿಮೀ, ಅಷ್ಟು ಚಿಕ್ಕ ಜಾಗಕ್ಕೆ ಎಲ್ಲಾ ಕಾರನ್ನೂ ಒಟ್ಟಿಗೆ ಬಿಟ್ರೆ ಏನಾಗುತ್ತೆ, ಒಬ್ಬ ಜೀವ ಬಿಟ್ಕೊಂಡು ಓಡಿಸ್ತಿರ್ತಾನೆ ಇನ್ನೊಬ್ಬ ಟೈರ್ ಬಿಸಿ ಮಾಡ್ಕೋತಾ ದಾರಿ ಮಧ್ಯೆ ತೆವಳ್ತಿರ್ತಾನೆ, ರೇಡಿಯೋ ತುಂಬಾ ಬೈಗುಳ. ಯಾರಾದ್ರೂ ಗೋಡೆಗೆ ಗುದ್ದಿದ್ರೆ ಹಿಂದೆ ಬರ್ತಿದ್ದೋರ ಲ್ಯಾಪೂ ಹೋಯ್ತು. 2006ರ ಕ್ವಾಲಿಫೈಯಿಂಗಲ್ಲಿ ಶೂಮಾಕರ್ ರಾಸ್ಕಾಸ್ ತಿರುವಲ್ಲಿ ಕಾರ್ ನಿಲ್ಲಿಸಿದ್ದು ನೆನಪಿದ್ಯಾ? ಬೇಕಂತಲೇ ಮಾಡಿದ್ದು ಅಂತ ಸ್ಟೀವರ್ಡ್ಸ್, ಅಂದ್ರೆ ರೇಸಿನ ತೀರ್ಪುಗಾರರು, ತೀರ್ಮಾನ ಮಾಡಿ ಪೋಲ್ (ಎಲ್ಲರಿಗಿಂತ ಮುಂದಿನ ಜಾಗದಿಂದ ಹೊರಡೋ ಅವಕಾಶ) ಕಿತ್ಕೊಂಡು ಕೊನೇ ಜಾಗಕ್ಕೆ ಕಳಿಸಿದ್ರು. ಅಲ್ಲಿ ಪೋಲ್‌ಗೆ ಅಷ್ಟು ಬೆಲೆ.

ಆ್ಯಪಲ್ಲಿ ನೋಡ್ತಿದ್ದು ಆನ್‌ಬೋರ್ಡ್ (ಕಾರಿನಲ್ಲೇ ಇರೋ) ಕ್ಯಾಮೆರಾ ಆಪ್ಷನ್ ಇದ್ರೆ ಕಣ್ಣು ಮುಚ್ಕೊಂಡು ಅದನ್ನೇ ಹಾಕಿ, ಹೊರಗಿನ ಕ್ಯಾಮೆರಾದಲ್ಲಿ ಸ್ಪೀಡೇ ಗೊತ್ತಾಗಲ್ಲ. ನೋಡ್ಬೇಕಾದ ಜಾಗ ಎರಡು. ಒಂದು ಹೇರ್‌ಪಿನ್, ಇಡೀ ಕ್ಯಾಲೆಂಡರಲ್ಲೇ ಅತಿ ನಿಧಾನದ ತಿರುವು, ಅಲ್ಲಿ ಡ್ರೈವರ್ ಕೈ ಗಮನಿಸಿ, ಸ್ಟೀರಿಂಗ್ ಪೂರ್ತಿ ತಿರುಗಿ ತೋಳು ಒಂದರ ಮೇಲೊಂದು ಸಿಕ್ಕಾಕೊಂಡಿರುತ್ತೆ, ಈ ಒಂದು ತಿರುವಿಗೋಸ್ಕರ ಟೀಮ್‌ಗಳು ಮುಂದಿನ ಚಕ್ರ ಜಾಸ್ತಿ ತಿರುಗೋ ಹಾಗೆ ಸಸ್ಪೆನ್ಷನ್ನೇ ಬದಲಾಯಿಸ್ಕೊಂಡು ಬರ್ತಾರೆ. ಇನ್ನೊಂದು ಸ್ವಿಮ್ಮಿಂಗ್ ಪೂಲ್ ಪಕ್ಕದ ತಿರುವುಗಳು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಸೆದ ಹಾಗೆ ಹೋಗುತ್ತೆ ಕಾರು. ಸೆಷನ್ ಮುಗಿದ ಮೇಲೆ ಟೈರಿನ ಸೈಡ್ ನೋಡಿ, ಬ್ಯಾರಿಯರ್‌ಗೆ ಸವರಿ ಸವರಿ ಬರೆದಿರೋ ಅಕ್ಷರಾನೇ ಅಳಿಸಿಹೋಗಿರುತ್ತೆ. 2025ರಲ್ಲಿ ಲ್ಯಾಂಡೊ ನಾರಿಸ್ ಪೋಲ್‌ಗೆ ಹಾಕಿದ 1:09.954 ಲ್ಯಾಪ್ ಯೂಟ್ಯೂಬಲ್ಲಿ ಸಿಗುತ್ತೆ, ಮೊದ್ಲು ಅದನ್ನ ಒಂದ್ಸಲ ನೋಡ್ಕೊಂಡು ಕೂತ್ರೆ ಉಳಿದೋರು ಎಲ್ಲಿ ಟೈಮ್ ಕಳ್ಕೊತಿದಾರೆ ಅಂತ ತಾನಾಗೇ ಹೊಳೆಯುತ್ತೆ.

ಇನ್ನು ಭಾನುವಾರ. ಸ್ಟಾರ್ಟ್ ಆಗಿ ಮೊದಲ ತಿರುವು ಸಾಂತ್ ದೆವೋತ್ ದಾಟೋವರೆಗೂ ಕುರ್ಚಿ ಬಿಟ್ಟು ಏಳಬೇಡಿ. ಆಮೇಲೆ ಪೊಸಿಷನ್ ನೋಡೋದು ಬಿಟ್ಟು ಎಡಗಡೆ ಬರೋ ಗ್ಯಾಪ್ ನಂಬರ್ ನೋಡಿ. ಟೈರ್ ಬದಲಾಯಿಸೋಕೆ ಪಿಟ್‌ಗೆ ಹೋಗಿ ಬಂದ್ರೆ ಸುಮಾರು 20 ಸೆಕೆಂಡ್ ಹೋಗುತ್ತೆ, ಸೋ ನಿಮ್ಮ ಡ್ರೈವರ್ ಹಿಂದೆ ಅಷ್ಟು ಜಾಗ ಖಾಲಿ ಇದ್ಯಾ ಇಲ್ವಾ ಅನ್ನೋದೇ ಆಟ. ಬೇರೆ ಕಡೆ ಮೊದ್ಲು ಪಿಟ್ ಮಾಡಿದೋನಿಗೆ ಲಾಭ, ಇಲ್ಲಿ ಎಷ್ಟೋ ಸಲ ಉಲ್ಟಾ, ಹೊಸ ಟೈರ್ ಬಿಸಿ ಆಗೋಕೆ ಟೈಮ್ ಬೇಕು, ಅಷ್ಟರಲ್ಲಿ ಹಳೇ ಟೈರಲ್ಲೇ ಖಾಲಿ ರಸ್ತೆ ಸಿಕ್ಕೋನು ಮುಂದೆ ಹೋಗಿರ್ತಾನೆ. ಇನ್ನೊಂದು ಕಿತಾಪತಿ ಇದೆ, ಒಂದೇ ಟೀಮಿನ ಇಬ್ಬರಲ್ಲಿ ಹಿಂದಿರೋನು ಬೇಕಂತಲೇ ನಿಧಾನ ಮಾಡಿ ಇಡೀ ಟ್ರಾಫಿಕ್ ಹಿಡಿದಿಟ್ಟು ಮುಂದಿರೋನಿಗೆ ಪಿಟ್ ಮಾಡೋಕೆ ಗ್ಯಾಪ್ ಮಾಡ್ಕೊಡೋದು. 2025ರಲ್ಲಿ ಎರಡು ಪಿಟ್ ಸ್ಟಾಪ್ ಕಡ್ಡಾಯ ಮಾಡಿದಾಗ ರೇಸಿಂಗ್ ಬುಲ್ಸ್, ವಿಲಿಯಮ್ಸ್ ಎರಡೂ ಟೀಮ್ ಇದನ್ನೇ ಮಾಡಿದ್ವು, ಹಿಂದೆ ಸಿಕ್ಕಾಕೊಂಡಿದ್ದ ಮರ್ಸಿಡಿಸ್‌ನ ರಸೆಲ್‌ಗೆ ತಾಳ್ಮೆ ಕೆಟ್ಟು ಚಿಕೇನ್ (ಎಡ-ಬಲ ಅಂಕುಡೊಂಕು ತಿರುವು) ಕಟ್ ಮಾಡಿ ವಿಲಿಯಮ್ಸ್‌ನ ಆಲ್ಬನ್‌ನ ದಾಟಿ ಪೆನಾಲ್ಟಿ ತಿಂದ್ರು. ನನಗಂತೂ ಅದು ನೋಡೋಕೆ ಮಜಾ ಇತ್ತು, ಆದ್ರೆ ಅದನ್ನ ರೇಸಿಂಗ್ ಅಂತ ಕರೆಯೋಕೆ ಮನಸ್ಸು ಬರಲ್ಲ.

ಮಳೆ ಬಂತು ಅಂದ್ರೆ ಮೇಲೆ ಹೇಳಿದ್ದೆಲ್ಲಾ ಮರೆತುಬಿಡಿ. 1996ರಲ್ಲಿ 14ನೇ ಜಾಗದಿಂದ ಹೊರಟ ಒಲಿವಿಯೆ ಪ್ಯಾನಿಸ್ ಗೆದ್ದಿದ್ದು ಇಲ್ಲೇ, ಕೊನೆಗೆ ಫಿನಿಶ್ ಲೈನ್ ದಾಟಿದ್ದು ಮೂರೇ ಕಾರು.

ಎಫ್ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಎಫ್ ಟೂ ರೇಸ್‌ಗಳನ್ನೂ ಬಿಡಬೇಡಿ, ಅದೇ ಟ್ರ್ಯಾಕಲ್ಲಿ ಅದೇ ವಾರಾಂತ್ಯ ಇರುತ್ತೆ. 2025ರಲ್ಲಿ ಅದರ ಶನಿವಾರದ ಸ್ಪ್ರಿಂಟ್ (ಚಿಕ್ಕ) ರೇಸ್ ಗೆದ್ದಿದ್ದು ನಮ್ಮ ಬೆಂಗಳೂರಿನ ಕುಶ್ ಮೈನಿ, ಮೊನಾಕೊದಲ್ಲಿ ಎಫ್ ಟೂ ಗೆದ್ದ ಮೊದಲ ಭಾರತೀಯ. ಆ ಶನಿವಾರ ಎಫ್ ಒನ್ ಕ್ವಾಲಿಫೈಯಿಂಗ್ ಮಾತ್ರ ನೋಡಿದೋರಿಗೆ ಇದು ಮಿಸ್ಸಾಯ್ತು.

ಹೋಗೇ ನೋಡ್ತೀನಿ ಅನ್ನೋರಿಗೆ: ಮೊನಾಕೊಗೆ ಅಂತ ಬೇರೆ ವೀಸಾ ಇಲ್ಲ, ಫ್ರಾನ್ಸಿನ ಷೆಂಗೆನ್ ವೀಸಾ ಸಾಕು, ಆದ್ರೆ ತಿಂಗಳುಗಟ್ಲೆ ಮುಂಚೆ ಅಪ್ಲೈ ಮಾಡಿ. ಊರೊಳಗೆ ರೂಮ್ ಹುಡುಕೋ ಸಾಹಸ ಬೇಡ, ಹತ್ತಿರದ ಫ್ರಾನ್ಸಿನ ಊರು ನೀಸ್‌ನಲ್ಲಿ ಉಳ್ಕೊಂಡು ಟ್ರೈನಲ್ಲಿ ಬನ್ನಿ, ಅರ್ಧ ಗಂಟೆಯೂ ಬೇಡ. ಟಿಕೆಟ್‌ಗಳಲ್ಲಿ ಕಮ್ಮಿ ರೇಟಿನದು ರೋಶೆ ಅನ್ನೋ ಗುಡ್ಡದ್ದು, ಸೀಟ್ ಇಲ್ಲ, ಇಳಿಜಾರಲ್ಲಿ ಕೂರ್ಬೇಕು, ಬೆಳಿಗ್ಗೆ ಬೇಗ ಹೋದೋರಿಗೆ ಒಳ್ಳೇ ಜಾಗ. ಗ್ರಿಪ್ ಇರೋ ಶೂ ಹಾಕ್ಕೊಂಡು ಹೋಗಿ, ನೀರು, ಟೋಪಿ, ಕಿವಿಗೆ ಇಯರ್‌ಪ್ಲಗ್ ಇರಲಿ. ದುಡ್ಡು ಟೈಟ್ ಇದ್ರೆ ಅಲ್ಲೂ ಶನಿವಾರದ್ದೇ ಟಿಕೆಟ್ ತಗೊಳ್ಳಿ, ಭಾನುವಾರದಕ್ಕಿಂತ ಕಮ್ಮಿಗೆ ಸಿಗುತ್ತೆ.