ಆಟೋ ರೌಟಿಂಗ್ ಬಿಟ್ಟು ರೌಟ್‌ಗಳನ್ನು ಕೈಯಾರೆ ಬರೆದದ್ದು

ಕನ್ನಡ ಪುಸ್ತಕಗಳ ಕ್ಯಾಟಲಾಗ್ ಸೈಟೊಂದನ್ನು ಪಿಎಚ್‌ಪಿ ಫ್ರೇಮ್‌ವರ್ಕ್ ಆದ ಕೋಡ್‌ಇಗ್ನೈಟರ್ 3ರಿಂದ 4ಕ್ಕೆ ತರುವಾಗ ನಾನು ಹೆಚ್ಚು ತಲೆ ಓಡಿಸಿದ್ದು, ಯಾವ ವೆಬ್ ವಿಳಾಸ ಯಾವ ಕೋಡಿಗೆ ಹೋಗಬೇಕೆಂದು ತೀರ್ಮಾನಿಸುವ ರೌಟಿಂಗ್‌ಗೆ.

3ರಲ್ಲಿ ಒಂದೂ ರೌಟ್ ಬರೆಯದಿದ್ದರೂ ಕೆಲಸ ನಡೆಯುತ್ತದೆ, ಇದೇ ಆಟೋ ರೌಟಿಂಗ್. ಯುಆರ್‌ಎಲ್‌ನ ಮೊದಲ ತುಂಡು ಕಂಟ್ರೋಲರ್ (ರಿಕ್ವೆಸ್ಟ್ ನಿಭಾಯಿಸುವ ಕ್ಲಾಸ್), ಎರಡನೆಯದು ಅದರ ಮೆಥಡ್, ಉಳಿದದ್ದು ಆರ್ಗ್ಯುಮೆಂಟ್. 'ಬುಕ್ಸ್/ಎಡಿಟ್/15' ಎಂದು ಬಂದರೆ ಬುಕ್ಸ್ ಕ್ಲಾಸಿನ ಎಡಿಟ್ ಮೆಥಡ್‌ಗೆ 15 ಹೋಗಿ ಸೇರುತ್ತದೆ. ಹೊಸಬರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ, ನಾನೂ ಕಲಿತದ್ದು ಹೀಗೇ. ಆದರೆ 'ಬುಕ್ಸ್/ಡಿಲೀಟ್/15' ಕೂಡ ಅಷ್ಟೇ ಸಲೀಸಾಗಿ, ಲಿಂಕ್ ಒತ್ತಿದಾಗ ಹೋಗುವ ಬರೀ ಗೆಟ್ ರಿಕ್ವೆಸ್ಟ್‌ಗೇ ಓಡಿಬಿಡುತ್ತದೆ. ರಿಕ್ವೆಸ್ಟ್ ನಮ್ಮದೇ ಸೈಟಿನ ಫಾರ್ಮ್‌ನಿಂದ ಬಂತೇ ಎಂದು ನೋಡುವ ಸಿಎಸ್‌ಆರ್‌ಎಫ್ ಟೋಕನ್ ಪರೀಕ್ಷೆ ಗೆಟ್ ತಂಟೆಗೆ ಹೋಗುವುದೇ ಇಲ್ಲ. ಲಾಗಿನ್ ಆಗಿರುವ ಸಂಪಾದಕರು ಯಾರೋ ಕಳಿಸಿದ ಲಿಂಕ್ ಒತ್ತಿದರೆ ಸಾಕು, ಪುಸ್ತಕ ಮಾಯ.

4.2ರಿಂದ ಆಟೋ ರೌಟಿಂಗ್ ಮೊದಲೇ ಆಫ್ ಆಗಿರುತ್ತದೆ. ಮೆಥಡ್ ಹೆಸರಿನ ಮುಂದೆ ಗೆಟ್, ಪೋಸ್ಟ್ (ಫಾರ್ಮ್ ಸಲ್ಲಿಸುವ ರಿಕ್ವೆಸ್ಟ್) ಎಂದು ಸೇರಿಸಿ ಬರೆಯುವ ಸುಧಾರಿತ ಆವೃತ್ತಿಯೂ ಇದೆ. ಅದೂ ನನಗೆ ಬೇಡವೆನಿಸಿತು. ಯಾವ ಬಾಗಿಲು ತೆರೆದಿದೆ ಎಂಬುದು ಒಂದೇ ಫೈಲಿನಲ್ಲಿ ಕಣ್ಣಿಗೆ ಕಾಣಬೇಕು. ಹಾಗಾಗಿ ರೌಟ್ಸ್ ಫೈಲಿನಲ್ಲಿ ಪ್ರತಿಯೊಂದನ್ನೂ ಬರೆದೆ: ನೋಡುವುದಕ್ಕೆ ಗೆಟ್, ಉಳಿಸುವುದಕ್ಕೂ ಅಳಿಸುವುದಕ್ಕೂ ಪೋಸ್ಟ್. ಅಳಿಸುವ ಲಿಂಕ್‌ಗಳೆಲ್ಲ ಟೋಕನ್ ಇರುವ ಪುಟ್ಟ ಫಾರ್ಮ್‌ಗಳಾದವು. ಅಡ್ಮಿನ್ ಪುಟಗಳನ್ನು ಒಂದು ಗ್ರೂಪ್ ಮಾಡಿ, ಲಾಗಿನ್ ಆಗಿದೆಯೇ ಎಂದು ಮೊದಲೇ ನೋಡುವ ಫಿಲ್ಟರನ್ನು ಗ್ರೂಪ್‌ಗೇ ಹಾಕಿದೆ.

ಸಾಲುಗಳ ಕ್ರಮಕ್ಕೆ ಬೆಲೆಯಿದೆ. ಮೇಲಿನಿಂದ ಹುಡುಕುತ್ತಾ ಮೊದಲು ಹೊಂದಿದ್ದೇ ಅಂತಿಮ. 'ಬುಕ್ಸ್/ನ್ಯೂ' ಎಂಬುದನ್ನು 'ಬುಕ್ಸ್' ಮುಂದೆ 'ಸೆಗ್ಮೆಂಟ್' (ವಿಳಾಸದ ಯಾವುದೇ ಒಂದು ತುಂಡಿಗೆ ಜಾಗ ಹಿಡಿಯುವ ಪ್ಲೇಸ್‌ಹೋಲ್ಡರ್) ಇರುವ ಸಾಲಿಗಿಂತ ಮೇಲಿಡಬೇಕು, ಇಲ್ಲದಿದ್ದರೆ 'ನ್ಯೂ' ಎಂಬ ಪುಸ್ತಕ ಹುಡುಕಲು ಹೊರಡುತ್ತದೆ. 'ಎನಿ' ಪ್ಲೇಸ್‌ಹೋಲ್ಡರ್ ಅಂತೂ ಸ್ಲ್ಯಾಶ್‌ಗಳನ್ನೂ ನುಂಗುತ್ತದೆ. ನಾನು ಅದನ್ನು ಬಳಸಲೇ ಇಲ್ಲ.

ಸ್ವಾರಸ್ಯ ಇದ್ದದ್ದು ಕನ್ನಡ ವಿಳಾಸಗಳಲ್ಲಿ. ಲೇಖಕರ ಪುಟದ ಕೊನೆಯಲ್ಲಿ ಅವರ ಹೆಸರು ಕನ್ನಡದಲ್ಲೇ ಬರಬೇಕೆಂಬುದು ನಮ್ಮ ಆಸೆ. 'ಆಲ್ಫಾ' ಪ್ಲೇಸ್‌ಹೋಲ್ಡರ್‌ಗೆ ಇಂಗ್ಲಿಷ್ ಅಕ್ಷರ ಮಾತ್ರ ಗೊತ್ತು. ನಮ್ಮದೇ ಪ್ಲೇಸ್‌ಹೋಲ್ಡರ್ ಮಾಡಿಕೊಳ್ಳಬಹುದು, ಯೂನಿಕೋಡ್‌ನ ಕನ್ನಡ ವಲಯ 0ಸಿ80ರಿಂದ 0ಸಿಎಫ್‌ಎಫ್ ತನಕ. ಆದರೆ 'ರಾಜ್‌ಕುಮಾರ್' ಎಂದು ಟೈಪ್ ಮಾಡಿ ನೋಡಿ. 'ಜ್' ಮತ್ತು 'ಕು' ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಅಕ್ಷರವೊಂದು ನಡುವೆ ಇರುತ್ತದೆ. ಅದರ ಸಂಖ್ಯೆ 200ಸಿ, ಕನ್ನಡ ವಲಯದಾಚೆಗಿನದು. ಕನ್ನಡ ವಲಯವನ್ನಷ್ಟೇ ಒಪ್ಪುವ ರೌಟ್‌ಗೆ ಇಂಥ ಹೆಸರೆಲ್ಲ 404, ಅಂದರೆ ಪುಟ ಸಿಗಲಿಲ್ಲ. ಹೀಗಾಗಿ ಸ್ಲ್ಯಾಶ್ ಬಿಟ್ಟು ಏನನ್ನಾದರೂ ಒಪ್ಪುವ 'ಸೆಗ್ಮೆಂಟ್' ಇಟ್ಟುಕೊಂಡು, ಹೆಸರು ಸರಿಯೇ ಎಂಬ ತಪಾಸಣೆಯನ್ನು ಕಂಟ್ರೋಲರ್‌ಗೆ ಬಿಟ್ಟೆ. ಅಲ್ಲಿ ಆ ಕಾಣದ ಅಕ್ಷರ ತೆಗೆದು ಹೋಲಿಸುತ್ತೇನೆ. ಅದಿಲ್ಲದೆ ಟೈಪ್ ಮಾಡುವವರೂ ಇದ್ದಾರಲ್ಲ. ವಿಳಾಸವನ್ನು ಕಾಪಿ ಮಾಡಿದಾಗ ಒಂದೊಂದು ಕನ್ನಡ ಸಂಕೇತವೂ ಶೇಕಡಾ ಚಿಹ್ನೆಗಳ ಸಮೇತ 9 ಅಕ್ಷರವಾಗಿ ಹಿಗ್ಗುವುದುಂಟು. ವಾಟ್ಸಾಪ್‌ನಲ್ಲಿ ನೋಡಲು ಭಯಂಕರ, ಕೆಲಸಕ್ಕೇನೂ ಅಡ್ಡಿಯಿಲ್ಲ.

ಎಲ್ಲ ಮುಗಿದ ಮೇಲೆ ಟರ್ಮಿನಲ್‌ನಲ್ಲಿ ರೌಟ್‌ಗಳ ಪಟ್ಟಿ ತೋರಿಸುವ 'ಸ್ಪಾರ್ಕ್ ರೌಟ್ಸ್' ಆಜ್ಞೆ ಓಡಿಸಿ, ಯಾವ ವಿಳಾಸ ಯಾವ ಮೆಥಡ್‌ಗೆ, ಮೊದಲು ಯಾವ ಫಿಲ್ಟರ್ ಎಂದು ಸಾಲುಸಾಲಾಗಿ ಪರಿಶೀಲಿಸಿದೆ. ಜನ ಬುಕ್‌ಮಾರ್ಕ್ ಮಾಡಿಕೊಂಡಿದ್ದ ಹಳೆಯ ಪುಟಗಳಿಗೆ ರೀಡೈರೆಕ್ಟ್ ಸೇರಿಸಿದೆ. ಏನೂ ಹೇಳದಿದ್ದರೆ ಅದು ತಾತ್ಕಾಲಿಕ ಎನ್ನುವ 302 ಕಳಿಸುತ್ತದೆ, ಶಾಶ್ವತ ಬದಲಾವಣೆಗೆ 301 ಎಂದು ನಾವೇ ಬರೆಯಬೇಕು.