ಬೀಜಕ್ಕೆ ಮೊದಲು ತರಗೆಲೆ: ಯುಗಾದಿ ಹೊತ್ತಿನ ಹಿತ್ತಲ ಕೆಲಸ

ಶಿವರಾತ್ರಿ ಆಯಿತು, ಚಳಿ ಶಿವಶಿವಾ ಎನ್ನುತ್ತ ಹೊರಟುಹೋಯಿತು. ಬೀದಿಯ ಹೊಂಗೆಮರ ಎಲೆಯೆಲ್ಲ ಕೊಡವಿ, ಕಣ್ಣು ಮಿಟುಕಿಸುವುದರೊಳಗೆ ಎಳೆಹಸಿರು ಉಟ್ಟು ನಿಂತಿದೆ. ಇದನ್ನು ನೋಡಿದರೆ ಯಾರಿಗಾದರೂ ಕೈ ಕಡಿಯುತ್ತದೆ. ಗುದ್ದಲಿ ಹಿಡಿದು ಹಿತ್ತಲು ಅಗೆಯೋಣ, ಡಬ್ಬದಲ್ಲಿರುವ ಬೀಜವನ್ನೆಲ್ಲ ಹಾಕಿಬಿಡೋಣ ಅನ್ನಿಸುತ್ತದೆ.

ಸ್ವಲ್ಪ ತಡೆಯಿರಿ. ಮರ ಚಿಗುರುತ್ತಿರುವುದು ಆಳದ ನೀರು ಕುಡಿದು. ನಿಮ್ಮ ಪಾತಿಯ ಮೇಲಿನ ಒಂದು ಗೇಣು ಮಣ್ಣು ದಿನದಿನಕ್ಕೂ ಒಣಗುತ್ತಿದೆ. ‘ವಸಂತದಲ್ಲಿ ಬಿತ್ತಿ’ ಎಂಬ ಸಲಹೆ ಹಿಮ ಕರಗುವ ಊರಿನವರದು. ಮೈಸೂರು, ಬೆಂಗಳೂರು, ತುಮಕೂರು ಕಡೆಯ ನಮಗೆ ವಸಂತವೆಂದರೆ ಬಿಸಿಲಿನ ಹೊಸ್ತಿಲು. ಹಾಗಾಗಿ ಕೆಲಸದ ಸರದಿಯೂ ಬೇರೆ: ಮೊದಲು ನೆಲ ಮುಚ್ಚಬೇಕು, ಆಮೇಲೆ ನೀರಿನ ಲೆಕ್ಕ, ಬಿತ್ತನೆ ಕೊನೆಗೆ.

ನೆಲಕ್ಕೆ ಹೊದಿಕೆ

ಎಷ್ಟೋ ವರ್ಷ ನಾನು ಫೆಬ್ರುವರಿಯಲ್ಲಿ ಅಂಗಳದ ಹೊಂಗೆ ಎಲೆಯನ್ನೆಲ್ಲ ಗುಡಿಸಿ, ಚೀಲಕ್ಕೆ ತುಂಬಿ ಕಸದ ಗಾಡಿಗೆ ಕೊಡುತ್ತಿದ್ದೆ. ಏಪ್ರಿಲ್‌ನಲ್ಲಿ ನರ್ಸರಿಗೆ ಹೋಗಿ, ಕುಂಡದ ಮೇಲೆ ಹರಡಲೆಂದು ತೆಂಗಿನ ನಾರು ಕೊಂಡು ತರುತ್ತಿದ್ದೆ. ಈಗ ಪಕ್ಕದ ಮನೆಯವರ ಎಲೆಯನ್ನೂ ಕೇಳಿ ತರುತ್ತೇನೆ. ಅವರಿಗೆ ಖುಷಿಯೋ ಖುಷಿ.

ಮೊದಲು ಕಳೆ ಕೀಳಿ; ಬೀಜ ಕಟ್ಟುವ ಮೊದಲೇ ಕಿತ್ತರೆ ಮಳೆಗಾಲದಲ್ಲಿ ಅರ್ಧ ಕೆಲಸ ಉಳಿಯುತ್ತದೆ. ಮಣ್ಣನ್ನು ಎರಡು ಬೆರಳಿನಷ್ಟು ಆಳ ಮಾತ್ರ ಸಡಿಲಿಸಿ. ಆಳವಾಗಿ ಅಗೆದರೆ ಒಳಗಿನ ತೇವವನ್ನು ನೀವೇ ಬಿಸಿಲಿಗೆ ಒಡ್ಡಿದಂತೆ. ಗಿಡಕ್ಕೊಂದು ಬೊಗಸೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೋ ಎರೆಗೊಬ್ಬರವನ್ನೋ ಬೆರೆಸಿ. ಹಸಿ ಸಗಣಿ ಬೇಡ, ಈ ಕಾವಿನಲ್ಲಿ ಅದು ಬೇರನ್ನೇ ಸುಡುತ್ತದೆ. ಬಳಿಕ ಚೆನ್ನಾಗಿ ನೀರುಣಿಸಿ, ಅದರ ಮೇಲೆ ಮೂರು ನಾಲ್ಕು ಅಂಗುಲ ದಪ್ಪ ತರಗೆಲೆ ಹರಡಿ. ಒಣ ಮಣ್ಣಿನ ಮೇಲೆ ಹೊದಿಸಿದರೆ ಒಣಗಿದ್ದನ್ನೇ ಕಾಪಾಡಿದ ಹಾಗೆ.

ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಖಾಲಿ ಇರಲಿ. ಎಲೆ ಕಾಂಡಕ್ಕೆ ತಾಗಿದರೆ ತೊಗಟೆ ಕೊಳೆಯುತ್ತದೆ, ಗೆದ್ದಲಿಗೂ ದಾರಿಯಾಗುತ್ತದೆ. ಹೊಂಗೆ, ಬೇವು, ನುಗ್ಗೆ ಯಾವುದಾದರೂ ನಡೆಯುತ್ತದೆ. ಮಾವು, ಹಲಸಿನ ಎಲೆ ಕರಗಲು ನಿಧಾನ, ಮುರಿದು ಹಾಕಿದರೆ ಒಳ್ಳೆಯದು. ನೀಲಗಿರಿ ಎಲೆ ಮಾತ್ರ ಬೇಡ. ಎಲೆ ಸಿಗದವರು ತೆಂಗಿನ ಸಿಪ್ಪೆಯನ್ನು ಕವುಚಿ ಜೋಡಿಸಬಹುದು.

ನೀರು

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ, ವಾಹನ ತೊಳೆಯಲಿಕ್ಕೆ ಬಳಸಬಾರದೆಂದು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡ ಎಂದಿತ್ತು. ಆ ಬೇಸಿಗೆಯಲ್ಲಿ ಪೈಪು ಹಿಡಿದು ನಿಲ್ಲುವ ಅಭ್ಯಾಸ ಬಿಟ್ಟವರು ಅನೇಕರು. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ಸಿಂಕಿನ ಪಕ್ಕ ಒಂದು ಬಕೆಟ್ಟಿನಲ್ಲಿ ಹಿಡಿಯಿರಿ. ಬಟ್ಟೆ ಒಗೆದ ನೀರು ಬಾಳೆಗೆ, ಕೆಸುವಿಗೆ ಸಾಕು. ಸೊಪ್ಪಿನ ಮಡಿಗೆ ಬೇಡ. ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲಿ ಉಪ್ಪಿನಂಶ ಹೆಚ್ಚು. ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ. ದಿನಾ ಕುಂಡಕ್ಕೆ ಸುರಿದರೆ ಎಲೆಯಂಚು ಕರಕಲಾಗುತ್ತದೆ.

ಬೆಳಿಗ್ಗೆ ಬಿಸಿಲೇರುವ ಮುಂಚೆ ನೀರು ಹಾಕಿ. ಹಾಕುವ ಮೊದಲು ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗಿಳಿಸಿ ನೋಡಿ. ತಂಪಿದ್ದರೆ ಇವತ್ತು ಬೇಡ. ದಿನಕ್ಕೊಂದು ಚೊಂಬು ಚಿಮುಕಿಸುವುದಕ್ಕಿಂತ ಮೂರು ದಿನಕ್ಕೊಮ್ಮೆ ಬೇರು ತೋಯುವಂತೆ ಕೊಡುವುದು ಪಾತಿಯ ಗಿಡಕ್ಕೆ ಹಿತ. ತಾರಸಿಯ ಸಣ್ಣ ಕುಂಡಗಳಿಗೆ ಈ ಮಾತು ಅನ್ವಯಿಸದು, ಅವು ದಿನವೂ ಕೇಳುತ್ತವೆ. ಅವನ್ನು ಕಾದ ಸಿಮೆಂಟಿನ ಮೇಲೆ ಇಡದೆ ಇಟ್ಟಿಗೆಯ ಮೇಲಿಟ್ಟು, ಒತ್ತೊತ್ತಾಗಿ ಗುಂಪು ಮಾಡಿ.

ಮಡಕೆ ನೀರಾವರಿ ಗೊತ್ತಿಲ್ಲದವರು ಈ ವರ್ಷ ಒಂದಾದರೂ ಹೂತು ನೋಡಿ. ಬಣ್ಣ, ಹೊಳಪು ಬಳಿಯದ ಐದಾರು ಲೀಟರಿನ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂಳಿ, ಸುತ್ತ ಒಂದು ಗೇಣು ಬಿಟ್ಟು ಹೀರೆಯನ್ನೋ ಸೌತೆಯನ್ನೋ ಊರಿ. ಮಡಕೆ ತುಂಬಿ ಮುಚ್ಚಳ ಹಾಕಿ. ಒಣಗಿದ ಮಣ್ಣು ತನಗೆ ಬೇಕಾದಷ್ಟನ್ನು ಗೋಡೆಯಿಂದ ಹೀರಿಕೊಳ್ಳುತ್ತದೆ. ಮಣ್ಣು ತೇವವಿದ್ದರೆ ಜಿನುಗು ತಾನಾಗಿ ನಿಧಾನವಾಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ಇಣುಕಿ ತುಂಬಿದರಾಯಿತು. ಮುಚ್ಚಳ ಮರೆತರೆ ಸೊಳ್ಳೆ ಸಾಕಿದಂತೆ. ಕುಂಡದ ಕೆಳಗಿನ ತಟ್ಟೆಗೂ ಇದೇ ಮಾತು.

ಕತ್ತರಿ, ಹುಳು

ಮಲ್ಲಿಗೆಯನ್ನು ಡಿಸೆಂಬರ್‌–ಜನವರಿಯಲ್ಲಿ ಸವರಿದ್ದವರ ಗಿಡದಲ್ಲಿ ಈಗ ಮೊಗ್ಗು ಕಾಣುತ್ತಿರಬೇಕು. ಅದಕ್ಕೆ ಗೊಬ್ಬರ, ನೀರು ಕೊಟ್ಟು ಸುಮ್ಮನಿರಿ. ಸವರಲು ಮರೆತವರು ಹೂವಿನ ಕಾಲ ಮುಗಿಯುವವರೆಗೆ ಕಾಯಿರಿ. ಗುಲಾಬಿಯಲ್ಲಿ ಬಾಡಿದ ಹೂವು, ಒಣ ಕಡ್ಡಿ ತೆಗೆದರೆ ಸಾಕು. ಕರಿಬೇವಿನ ತುದಿಯನ್ನು ಮಾತ್ರ ಧೈರ್ಯವಾಗಿ ಚಿವುಟಿ, ಪಕ್ಕದಲ್ಲಿ ನಾಲ್ಕು ಚಿಗುರೊಡೆದು ಗಿಡ ಗುಬುರಾಗುತ್ತದೆ. ಬುಡಕ್ಕೆ ಹುಳಿ ಮಜ್ಜಿಗೆ ಹೊಯ್ಯುವುದು ಹಳಬರ ರೂಢಿ. ನೀರು ಬೆರೆಸಿ ತೆಳ್ಳಗೆ ಮಾಡಿ ಹೊಯ್ಯಿರಿ.

ದೊಡ್ಡ ಕಡಿತಕ್ಕೆ ಇದು ಹೊತ್ತಲ್ಲ. ಒಂದು ವರ್ಷ ಏಪ್ರಿಲ್ ನಡುವಿನಲ್ಲಿ ದಾಸವಾಳವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದ್ದೆ. ನೆರಳಿನಲ್ಲೇ ಇದ್ದ ತೊಗಟೆ ಒಮ್ಮೆಲೇ ಬಿಸಿಲಿಗೆ ಬಿದ್ದು ಸೀಳಿತು. ಗಿಡ ಚೇತರಿಸಿಕೊಂಡದ್ದು ಶ್ರಾವಣಕ್ಕೆ.

ದಾಸವಾಳದ ಮಾತು ಬಂದರೆ ಹಿಟ್ಟುತಿಗಣೆಯ ಮಾತೂ ಬರಲೇಬೇಕು. ಒಣ ಹವೆಯಲ್ಲಿ ಎಳೆ ತುದಿಗಳಿಗೆ ಹತ್ತಿಯಂತೆ ಅಂಟಿಕೊಳ್ಳುತ್ತದೆ. ಗಿಡದ ಮೇಲೆ ಇರುವೆಯ ಸಾಲು ಕಂಡರೆ ಅನುಮಾನಿಸಿ. ತಿಗಣೆ ಸ್ರವಿಸುವ ಸಿಹಿಯಂಟಿನ ಆಸೆಗೆ ಇರುವೆ ಅದನ್ನು ಕಾಯುತ್ತದೆ. ಹೆಚ್ಚು ಹತ್ತಿದ ತುದಿಯನ್ನು ಕತ್ತರಿಸಿ, ಚೀಲದಲ್ಲಿ ಕಟ್ಟಿ ಬಿಸಾಡಿ. ಉಳಿದದ್ದಕ್ಕೆ ಜೋರಾಗಿ ನೀರು ಹೊಡೆಯಿರಿ. ಮಾರನೆಯ ದಿನ ಸಂಜೆ, ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ತೊಟ್ಟು ಸೋಪಿನ ದ್ರಾವಣ ಕಲಕಿ ಎಲೆಯ ಅಡಿಗೂ ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ಸಲ. ನಡುಮಧ್ಯಾಹ್ನ ಹೊಡೆದರೆ ಹುಳುವಿಗಿಂತ ಮೊದಲು ಎಲೆ ಬೇಯುತ್ತದೆ.

ಈಗ ಬೀಜ

ಕ್ಯಾರೆಟ್, ಹೂಕೋಸು, ಬಟಾಣಿ ಮುಂದಿನ ಚಳಿಗಾಲಕ್ಕಿರಲಿ. ಕೊತ್ತಂಬರಿ ಕಾವಿಗೆ ಬೇಗ ಹೂ ಕಟ್ಟಿಬಿಡುತ್ತದೆ. ಹಾಕಲೇಬೇಕೆಂದರೆ ನೆರಳುಬಲೆಯಡಿ ಹಾಕಿ. ಈ ಬಿಸಿಲಿಗೆ ಬಗ್ಗುವವು ಬೆಂಡೆ, ಗೋರಿಕಾಯಿ, ದಂಟು, ಬಸಳೆ, ಹೀರೆ, ಹಾಗಲ, ಸೋರೆ. ಬೆಂಡೆಯಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿ ಹುಡುಕಿ. ಎಲೆಯ ನರ ಹಳದಿಯಾಗುವ ನಂಜುರೋಗವನ್ನು ತಡೆಯಲೆಂದೇ ಬಿಡುಗಡೆಯಾದದ್ದು. ರಾತ್ರಿ ನೆನೆಸಿಟ್ಟು, ಒಂದೂವರೆ ಗೇಣಿಗೊಂದು ಊರಿದರೆ ಸುಮಾರು ಐವತ್ತು ದಿನಕ್ಕೆ ಕಾಯಿ ಕೊಯ್ಯಬಹುದು. ಹಾಗಲದ ಸಿಪ್ಪೆ ಗಟ್ಟಿ, ಅದಕ್ಕೆ ಪೂರ್ತಿ ಒಂದು ದಿನದ ನೆನೆ ಬೇಕು. ದಂಟಿನ ಬೀಜ ಸಾಸಿವೆಗಿಂತ ಸಣ್ಣದು, ಮರಳಿನೊಂದಿಗೆ ಬೆರೆಸಿ ಚೆಲ್ಲಿ. ಇರುವೆ ಹೊತ್ತೊಯ್ಯದಿರಲು ಮಡಿಯ ಅಂಚಿಗೆ ಒಂದು ಹಿಡಿ ಅಕ್ಕಿ ನುಚ್ಚು ಉದುರಿಸಿ, ಅವುಗಳ ಪಾಲು ಅವಕ್ಕೆ. ಬಿತ್ತುವ ಜಾಗದಲ್ಲಿ ತರಗೆಲೆ ಸರಿಸಿ, ಸಸಿ ಗೇಣುದ್ದ ಬಂದ ಮೇಲೆ ಮತ್ತೆ ಹತ್ತಿರಕ್ಕೆ ಎಳೆಯಿರಿ.

‘ಹೂವೆಲ್ಲ ಉದುರಿಹೋಗುತ್ತಿದೆ, ಕಾಯೇ ಇಲ್ಲ’ ಎಂದು ಬಳ್ಳಿ ಹಾಕಿದವರೆಲ್ಲ ಕೊರಗುತ್ತಾರೆ. ಮೊದಲು ಬರುವುದೆಲ್ಲ ಗಂಡುಹೂವು, ಉದುರಲಿ ಬಿಡಿ. ಹೆಣ್ಣುಹೂವಿನ ಹಿಂದೆ ಪುಟ್ಟ ಕಾಯಿ ಇರುತ್ತದೆ. ಆಗಲೂ ಕಾಯಿ ಕಟ್ಟದಿದ್ದರೆ ಗಂಡುಹೂವು ಕಿತ್ತು, ಎಸಳು ಬಿಡಿಸಿ, ಪರಾಗವನ್ನು ಹೆಣ್ಣುಹೂವಿನ ನಡುವಿಗೆ ಮೆಲ್ಲಗೆ ಸವರಿ. ಹಾಗಲಕ್ಕೆ ಇದನ್ನು ಬೆಳಿಗ್ಗೆಯೇ ಮಾಡಬೇಕು. ಹೀರೆ, ಸೋರೆ ಅರಳುವುದೇ ಸಂಜೆ, ಅವಕ್ಕೆ ಕಾಫಿ ಕುಡಿದು ಹೋದರಾಯಿತು.

ಶುಂಠಿ, ಅರಿಸಿನ ಮಾತ್ರ ಈಗಲೇ ಬೇಡ. ಏಪ್ರಿಲ್ ನಡುವಿಗೆ ಅಶ್ವಿನಿ ಮಳೆ ಹುಟ್ಟುತ್ತದೆ, ಹಿರಿಯರು ಅದನ್ನು ‘ಸಸ್ಯನಾಶಿನಿ’ ಎಂದೇ ಕರೆದರು. ಅದಾದ ಮೇಲೆ ಭರಣಿ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’. ಆ ಮಳೆ ಒಮ್ಮೆ ಮಣ್ಣನ್ನು ತೋಯಿಸಲಿ. ಅಲ್ಲಿಯವರೆಗೆ ಅಡುಗೆಮನೆಯ ಬುಟ್ಟಿಯಲ್ಲಿ ಕಣ್ಣು ಬಿಡುತ್ತಿರುವ ದಪ್ಪ ಶುಂಠಿ ತುಂಡುಗಳನ್ನು ಒಣಮರಳಿನಲ್ಲಿ ಹುದುಗಿಸಿ ನೆರಳಿಗೆ ಎತ್ತಿಡಿ. ಮನೆಯವರು ಚಹಾಕ್ಕೆ ಜಜ್ಜಿಹಾಕದಂತೆ ಒಂದು ಕಣ್ಣೂ ಇಟ್ಟಿರಿ.