ಮಳೆಗಾಲ ಕಳೆದ ಬೇಸ್ ಗಿಟಾರನ್ನು ಮತ್ತೆ ವೇದಿಕೆಗೆ ಸಜ್ಜು ಮಾಡುವುದು

ಪತ್ತನಾಜೆ (ಮೇ ಕೊನೆಗೆ ಬರುವ, ತುಳುನಾಡಿನ ಉತ್ಸವಗಳು ಮುಗಿಯುವ ದಿನ) ಕಳೆದರೆ ಕಾಸರಗೋಡಿನ ಕಡೆ ಕೋಲ, ಬಯಲಾಟ, ಜಾತ್ರೆಯ ರಸಮಂಜರಿ ಎಲ್ಲ ನಿಲ್ಲುತ್ತವೆ. ಬೇಸ್ ಗಿಟಾರ್ ಚೀಲ ಸೇರುತ್ತದೆ. ಚೌತಿಗೆ ಒಂದೆರಡು ಕಾರ್ಯಕ್ರಮ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ದೀಪಾವಳಿಯ ತನಕ ಅದನ್ನು ಹೊರತೆಗೆಯುವವರಿಲ್ಲ. ತೆಗೆದ ದಿನ ನೋಡಿದರೆ ತಂತಿಗೆ ತುಕ್ಕು, ನೆಕ್ (ಬೆರಳಾಡಿಸುವ ಉದ್ದನೆಯ ಕೊರಳು) ಬಾಗಿದೆ, ವಾಲ್ಯೂಮ್ ತಿರುಗಿಸಿದರೆ ಕರಕರ. ಆಗ ಹೆಚ್ಚಿನವರು ಮಾಡುವ ತಪ್ಪು ಒಂದೇ: ಶ್ರುತಿ ಕೂಡುವುದಿಲ್ಲವೆಂದು ನೇರವಾಗಿ ಬ್ರಿಡ್ಜಿನ (ದೇಹದ ಮೇಲೆ ತಂತಿ ಕೂರುವ ಲೋಹದ ಭಾಗ) ಸ್ಕ್ರೂಗಳಿಗೆ ಕೈ ಹಾಕುವುದು. ಈ ಕೆಲಸಕ್ಕೆ ಒಂದು ಕ್ರಮ ಉಂಟು. ಮೊದಲು ತಂತಿ, ಆಮೇಲೆ ನೆಕ್, ಆಮೇಲೆ ತಂತಿಯ ಎತ್ತರ, ಕೊನೆಗೆ ಇಂಟೊನೇಶನ್, ಅಂದರೆ ನೆಕ್ ಉದ್ದಕ್ಕೂ ಎಲ್ಲಿ ಒತ್ತಿದರೂ ಸ್ವರ ಶ್ರುತಿಯಲ್ಲಿ ಕೂರುವಂತೆ ಮಾಡುವುದು. ಒಂದನ್ನು ಬಿಟ್ಟು ಮುಂದಿನದಕ್ಕೆ ಹಾರಿದರೆ ಎರಡನ್ನೂ ಮತ್ತೆ ಮಾಡಬೇಕಾಗುತ್ತದೆ.

ಆಟಿಯಲ್ಲಿ (ಜೋರು ಮಳೆಯ ತುಳು ತಿಂಗಳಲ್ಲಿ) ಎಲ್ಲಿ ಇಡಬೇಕು

ಮಂಜೇಶ್ವರ, ಉಪ್ಪಳ, ಕುಂಬಳೆಯಂಥ ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿ ತಂತಿಯನ್ನೂ ಸ್ಕ್ರೂಗಳನ್ನೂ ತಿನ್ನುತ್ತದೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಉಪ್ಪಿನ ಕಾಟ ಕಡಿಮೆ, ಬೂಷ್ಟಿನ ಕಾಟ ಹೆಚ್ಚು. ಎಲ್ಲಿಯೇ ಆಗಲಿ, ಹೊರಗಿನ ಕೆಂಪುಕಲ್ಲಿನ ಗೋಡೆಗೆ ಗಿಟಾರ್ ತೂಗುಹಾಕಬೇಡಿ. ಮಳೆಗೆ ಆ ಗೋಡೆ ನೀರು ಕುಡಿದಿರುತ್ತದೆ. ಒಣಗಿರಲಿ ಎಂದು ಒಲೆಯ ಮೇಲಿನ ಅಟ್ಟದಲ್ಲಿ ಇಡುವುದೂ ಬೇಡ. ಅಡಿಕೆಗೆ ಆಗುವ ಬಿಸಿ, ಹೊಗೆ ಮರದ ವಾದ್ಯಕ್ಕೆ ಆಗುವುದಿಲ್ಲ.

ಒಳಕೋಣೆಯ ಕಪಾಟಿನಲ್ಲಿ, ಗಟ್ಟಿ ಪೆಟ್ಟಿಗೆಯೊಳಗೆ, ಹತ್ತಿಬಟ್ಟೆಯ ಸಂಚಿಯಲ್ಲಿ 250 ಗ್ರಾಂ ಸಿಲಿಕಾ ಜೆಲ್ ಕಟ್ಟಿ ಇಡಿ. ಬಣ್ಣ ಬದಲಿಸುವ ಜೆಲ್ ತಂದರೆ ತೇವ ತುಂಬಿದ್ದು ಕಣ್ಣಿಗೆ ಕಾಣುತ್ತದೆ: ನೀಲಿ ಹರಳು ನಸುಗೆಂಪಾಗುತ್ತದೆ. ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿದರೆ ಬಣ್ಣ ಮರಳುತ್ತದೆ, ಜೆಲ್ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿ ಬಣ್ಣದ ಕೋಬಾಲ್ಟ್ ವಿಷ. ಮಕ್ಕಳ ಕೈಗೆ ಸಿಗದಿರಲಿ. ಕೆಲವು ನೂರು ರೂಪಾಯಿಗೆ ಸಿಗುವ ಸಣ್ಣ ತೇವಮಾಪಕವನ್ನು ಪೆಟ್ಟಿಗೆಯೊಳಗೆ ಇಟ್ಟರೆ ಊಹೆ ಬೇಡ. 45ರಿಂದ 55 ಶೇಕಡಾ ಉತ್ತಮ. ಜುಲೈಯಲ್ಲಿ 60ರೊಳಗೆ ನಿಂತರೂ ಸಾಕು.

ತಂತಿಗಳನ್ನು ಪೂರ್ತಿ ಸಡಿಲ ಬಿಡಬೇಡಿ. ನೆಕ್‌ನೊಳಗಿನ ಟ್ರಸ್ ರಾಡ್ ಎಂಬ ಉಕ್ಕಿನ ಸಲಾಕೆ ತಂತಿಯ ಎಳೆತಕ್ಕೆ ಎದುರಾಗಿ ಎಳೆಯುತ್ತಿರುತ್ತದೆ. ತಂತಿ ಸಡಿಲವಾದರೆ ರಾಡ್ ಒಂದೇ ಗೆದ್ದು ನೆಕ್ ಹಿಂದಕ್ಕೆ ಬಾಗುತ್ತದೆ. ಎರಡು ಫ್ರೆಟ್‌ನಷ್ಟು (ಫ್ರೆಟ್ ಎಂದರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿ), ಅಂದರೆ ಒಂದು ಪೂರ್ತಿ ಸ್ವರದಷ್ಟು, ಶ್ರುತಿ ಇಳಿಸಿದರೆ ಸಾಕು.

ತಂತಿ

ತುಕ್ಕು ಹಿಡಿದ ತಂತಿಯ ಮೇಲೆ ಇಂಟೊನೇಶನ್ ಕೂರುವುದೇ ಇಲ್ಲ, ಏಕೆಂದರೆ ಅದರ ದಪ್ಪ ಉದ್ದಕ್ಕೂ ಒಂದೇ ಇರುವುದಿಲ್ಲ. 34 ಇಂಚು ಸ್ಕೇಲಿನ (ತಂತಿ ಕಂಪಿಸುವ ಉದ್ದ) ನಾಲ್ಕು ತಂತಿಯ ಬೇಸಿಗೆ 45–65–85–105ರ ಸೆಟ್ ಸಾಮಾನ್ಯ; ಇದು ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ತಂತಿಯ ದಪ್ಪ. ಹಿಂದೆ ಇದ್ದ ದಪ್ಪವನ್ನೇ ಹಾಕಿ. ಬದಲಿಸಿದರೆ ಎಳೆತ ಬದಲಾಗುತ್ತದೆ, ನೆಕ್ ಬೇರೆಯೇ ಲೆಕ್ಕ ಕೇಳುತ್ತದೆ. ಹಣ ಸಾಲದಿದ್ದರೆ, ತುಕ್ಕಿಲ್ಲದೆ ಬರೀ ಬೆವರಿನ ಕೊಳೆಯಿಂದ ಮಂಕಾದ ತಂತಿಯನ್ನು 10 ನಿಮಿಷ ನೀರಿನಲ್ಲಿ ಕುದಿಸಿ, ಒರೆಸಿ, ಪೂರ್ತಿ ಒಣಗಿಸಿ ಹಾಕಬಹುದು. ಹೊಳಪು ಕೆಲವು ದಿನ ಬರುತ್ತದೆ. ತುಕ್ಕಿಗೆ ಇದು ಮದ್ದಲ್ಲ.

ಒಂದೊಂದೇ ತಂತಿ ಬಿಚ್ಚಿ, ಅಲ್ಲಲ್ಲೇ ಹೊಸದು ಏರಿಸಿ. ಕಿವಿಯ ಕಂಬದಿಂದ 10–12 ಸೆಂ.ಮೀ. ಹೆಚ್ಚುವರಿ ಬಿಟ್ಟು, ಮೊದಲು 90 ಡಿಗ್ರಿ ಮಡಚಿ, ಮಡಿಕೆಯ ಆಚೆ ಕತ್ತರಿಸಿ. ಮಡಚದೆ ಕತ್ತರಿಸಿದರೆ ಹೊರಸುತ್ತು ಜಾರಿ ಆ ತಂತಿ ಸತ್ತಂತೆ ನುಡಿಯಬಹುದು. ಕೆಳಮುಖವಾಗಿ ಎರಡು ಮೂರು ಸುತ್ತು ಬರಲಿ. ಶ್ರುತಿಗೆ ತಂದ ಮೇಲೆ ನಟ್ (ನೆಕ್ ತುದಿಯಲ್ಲಿ ತಂತಿ ಕೂರುವ ಕಚ್ಚುಪಟ್ಟಿ) ಮತ್ತು ಬ್ರಿಡ್ಜಿನ ಸ್ಯಾಡಲ್ (ಒಂದೊಂದು ತಂತಿ ಕೂರುವ ಸಣ್ಣ ತುಂಡು) ಎದುರು ತಂತಿಯನ್ನು ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿ. ಅಲ್ಲಿ ಉಳಿಯುವ ಸಣ್ಣ ಕಮಾನು ಹೋದರೆ ಅರ್ಧ ಶ್ರುತಿದೋಷ ಅಲ್ಲೇ ಮುಗಿಯುತ್ತದೆ.

ಬೀಟೆ ಮರದ ಫಿಂಗರ್‌ಬೋರ್ಡ್ ಒಣಗಿ ಬಿಳಿಚಿಕೊಂಡಿದ್ದರೆ ಮಾತ್ರ ಗಿಟಾರಿನ ಲೆಮನ್ ಆಯಿಲ್ ಎರಡು ಹನಿ ತಿಕ್ಕಿ ಒರೆಸಿ. ತೆಂಗಿನೆಣ್ಣೆ ಖಂಡಿತ ಬೇಡ. ಅದು ಕನರಿ, ಅಂಟಿ, ಧೂಳು ಹಿಡಿಯುತ್ತದೆ. ವಾರ್ನಿಷ್ ಹೊಡೆದ ಮೇಪಲ್‌ಗೆ ಯಾವ ಎಣ್ಣೆಯೂ ಬೇಕಾಗಿಲ್ಲ.

ನೆಕ್

ತೇವಕ್ಕೆ ಮರ ಉಬ್ಬಿದಾಗ ನೆಕ್ ಯಾವ ಕಡೆ ಬಾಗುತ್ತದೆ ಎಂಬುದು ಆಯಾ ಮರದ ಮೇಲಿದೆ. ಆದ್ದರಿಂದ ಅಳೆಯದೆ ತಿರುಗಿಸಬೇಡಿ. ಬೈಕ್ ಮೆಕ್ಯಾನಿಕ್‌ಗಳು ವಾಲ್ವ್ ಹೊಂದಿಸಲು ಬಳಸುವ ಫೀಲರ್ ಗೇಜ್ ಇದಕ್ಕೂ ಆಗುತ್ತದೆ. ಶ್ರುತಿ ಮಾಡಿ, ನುಡಿಸುವ ಭಂಗಿಯಲ್ಲೇ ಹಿಡಿದು, ದಪ್ಪ ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ನೆಕ್ ದೇಹಕ್ಕೆ ಸೇರುವ ಫ್ರೆಟ್‌ನಲ್ಲೂ ಒತ್ತಿ. ಏಳನೇ ಫ್ರೆಟ್‌ನ ನೆತ್ತಿಗೂ ತಂತಿಯ ತಳಕ್ಕೂ ನಡುವೆ 0.30ರಿಂದ 0.35 ಮಿ.ಮೀ. ಸಂದು ಇರಬೇಕು.

ಸಂದು ಹೆಚ್ಚಿದ್ದರೆ ರಾಡಿನ ನಟ್ಟನ್ನು ಬಿಗಿ ಮಾಡಿ, ಕಡಿಮೆ ಇದ್ದರೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಕೀ ಸರಿಯಾಗಿ ಕೂರಬೇಕು: 5 ಮಿ.ಮೀ. ಗುಳಿಗೆ 3/16 ಇಂಚಿನ ಕೀ ಹೋಗುತ್ತದೆ, ಆದರೆ ಅದು 4.76 ಮಿ.ಮೀ. ಮಾತ್ರ, ಜೋರು ಹಾಕಿದರೆ ಗುಳಿಯ ಮೂಲೆಗಳು ಸವೆದು ಹೋಗುತ್ತವೆ, ಮತ್ತೆ ಆ ನೆಕ್ ರಿಪೇರಿ ದೊಡ್ಡ ಖರ್ಚು. ನಟ್ಟು ತಿರುಗದಿದ್ದರೆ ಅಲ್ಲಿಗೇ ನಿಲ್ಲಿಸಿ, ತಿಳಿದವರಿಗೆ ಕೊಡಿ. ತಿರುಗಿಸಿದ ಮೇಲೆ ಮತ್ತೆ ಶ್ರುತಿ ಮಾಡಿ ರಾತ್ರಿ ಹಾಗೆಯೇ ಬಿಟ್ಟು ಬೆಳಿಗ್ಗೆ ಪುನಃ ಅಳೆಯಿರಿ. ಮರಕ್ಕೆ ಆ ಹೊತ್ತು ಬೇಕೇ ಬೇಕು. ಕಾರ್ಯಕ್ರಮದ ದಿನ ಸಂಜೆ ಈ ಕೆಲಸಕ್ಕೆ ಕೂರಬಾರದು.

ಎತ್ತರ, ಇಂಟೊನೇಶನ್

ಹನ್ನೆರಡನೇ ಫ್ರೆಟ್‌ನಲ್ಲಿ ಇ ತಂತಿಯ ಕೆಳಗೆ 2.5 ಮಿ.ಮೀ., ತೆಳು ಜಿ ತಂತಿಯ ಕೆಳಗೆ 2 ಮಿ.ಮೀ. ಎಂದು ಶುರುಮಾಡಿ. ಬೆರಳು ಜೋರಿದ್ದವರಿಗೆ ಇನ್ನೂ ಅರ್ಧ ಮಿ.ಮೀ. ಬೇಕಾಗಬಹುದು.

ಗರಗರ ಸದ್ದು ಬಂದರೆ ಅದು ಎಲ್ಲಿ ಬರುತ್ತದೆಂದು ಮೊದಲು ಹುಡುಕಿ. ಐದನೇ ಫ್ರೆಟ್‌ವರೆಗೆ ಮಾತ್ರ ಬಂದರೆ ನೆಕ್ ತೀರಾ ನೇರವಾಗಿದೆ. ಹನ್ನೆರಡರ ಆಚೆ ಮಾತ್ರವಾದರೆ ಸ್ಯಾಡಲ್ ತಗ್ಗಾಗಿದೆ. ಬಿಟ್ಟ ತಂತಿಯಲ್ಲಿ ಮಾತ್ರವಾದರೆ ನಟ್‌ನ ಕಚ್ಚು ಸವೆದಿದೆ. ಒಂದೇ ಜಾಗದಲ್ಲಾದರೆ ಮುಂದಿನ ಫ್ರೆಟ್ ಮೇಲೆದ್ದಿದೆ; ಇದಕ್ಕೆ ಯಾವ ಸ್ಕ್ರೂ ತಿರುಗಿಸಿಯೂ ಫಲವಿಲ್ಲ, ಫ್ರೆಟ್ಟನ್ನು ಕೂರಿಸಲೇಬೇಕು.

ಇಂಟೊನೇಶನ್‌ಗೆ ಹನ್ನೆರಡನೇ ಫ್ರೆಟ್‌ನ ಮೇಲೆ ತಂತಿಯನ್ನು ಬರೀ ಮುಟ್ಟಿ ಹಾರ್ಮೋನಿಕ್ ಬಾರಿಸಿ ಟ್ಯೂನರ್‌ನಲ್ಲಿ ನೋಡಿ, ಅಲ್ಲೇ ಒತ್ತಿಯೂ ಬಾರಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ (ನೆಕ್ಕಿನಿಂದ ದೂರ), ಇಳಿದಿದ್ದರೆ ಮುಂದಕ್ಕೆ. ಪ್ರತಿ ಸಲವೂ ಮತ್ತೆ ಶ್ರುತಿ ಮಾಡಿಯೇ ನೋಡಬೇಕು.

ಕೇಬಲ್, ಕರೆಂಟು

ಕರಕರ ಎನ್ನುವ ನಾಬ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮ್ಮು ಹೊಡೆದು ಇಪ್ಪತ್ತು ಸಲ ಆಚೀಚೆ ತಿರುಗಿಸಿ. ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಒಳಗೆ ಅಂಟಿ ಕೂರುತ್ತದೆ, ಅದು ಬೇಡ. ಬ್ಯಾಟರಿ ಇರುವ ಆ್ಯಕ್ಟಿವ್ ಬೇಸ್ ಆದರೆ, ಜ್ಯಾಕ್ ಚುಚ್ಚಿದ್ದಷ್ಟು ಹೊತ್ತೂ 9 ವೋಲ್ಟಿನ ಬ್ಯಾಟರಿ ಕರಗುತ್ತಿರುತ್ತದೆ. ನುಡಿಸಿ ಮುಗಿದ ಕೂಡಲೇ ಕೇಬಲ್ ಎಳೆದಿಡಿ. ಮಳೆಗಾಲಕ್ಕೆ ಬ್ಯಾಟರಿಯನ್ನೇ ತೆಗೆದಿಡಿ, ಸೋರಿದರೆ ಒಳಗಿನ ತಂತು ತಿನ್ನುತ್ತದೆ.

ಕೇಬಲ್ ಸ್ವತಃ ಬೆಸುಗೆ ಹಾಕಿಕೊಳ್ಳುವುದು ಮಳೆಗಾಲದ ಸಂಜೆಗೆ ಒಳ್ಳೆಯ ಹವ್ಯಾಸ. ಎರಡು 6.35 ಮಿ.ಮೀ. ಜ್ಯಾಕ್, 5 ಮೀಟರ್ ಗಿಟಾರ್ ಕೇಬಲ್, 25 ವ್ಯಾಟಿನ ಸೋಲ್ಡರ್ ಐರನ್ ಸಾಕು. ಒಳತಂತಿ ಜ್ಯಾಕಿನ ತುದಿಗೆ, ಹೊರಜಾಲರಿ ತೋಳಿಗೆ. ಹಲವು ಕೇಬಲ್‌ಗಳಲ್ಲಿ ಜಾಲರಿಯ ಕೆಳಗೆ ಒಂದು ತೆಳು ಕಪ್ಪು ಪ್ಲಾಸ್ಟಿಕ್ ಪದರ ಇರುತ್ತದೆ. ಅದೂ ವಿದ್ಯುತ್ ಹರಿಸುತ್ತದೆ. ಅದನ್ನು ಒಳತಂತಿಯಿಂದ ಕೆಲವು ಮಿ.ಮೀ. ಹಿಂದಕ್ಕೆ ಸುಲಿಯದೆ ಬಿಟ್ಟರೆ ಬೆಸುಗೆ ಎಷ್ಟೇ ಚಂದವಿದ್ದರೂ ಸದ್ದು ಮಂಕಾಗುತ್ತದೆ.

ಗದ್ದೆಯ ವೇದಿಕೆಯಲ್ಲಿ ಜನರೇಟರ್ ಮೇಲೆ ನುಡಿಸುವಾಗ ತಂತಿ ಮುಟ್ಟಿಕೊಂಡು ಮೈಕಿಗೆ ತುಟಿ ತಾಗಿದರೆ ಜುಂ ಎನಿಸುವುದುಂಟು. ಅದನ್ನು ಸಹಿಸಿಕೊಳ್ಳಬೇಡಿ, ಕೂಡಲೇ ನಿಲ್ಲಿಸಿ. ಆ್ಯಂಪ್ ಅಥವಾ ಮಿಕ್ಸರ್ ಎರಡರಲ್ಲೊಂದಕ್ಕೆ ಅರ್ತ್ ಇಲ್ಲವೆಂದೇ ಅದರ ಅರ್ಥ. ಎರಡನ್ನೂ ಸರಿಯಾದ ಅರ್ತ್ ಇರುವ ಒಂದೇ ಬೋರ್ಡಿಗೆ ಹಾಕಿಸಿ. ಹಮ್ (ಗುಂಯ್ ಎನ್ನುವ ಸದ್ದು) ಹೋಗಲೆಂದು ಪ್ಲಗ್ಗಿನ ಅರ್ತ್ ಪಿನ್ ತೆಗೆಯುವವರಿದ್ದಾರೆ. ಇದು ಜೀವ ತೆಗೆಯುವ ಕೆಲಸ. ಹಮ್‌ಗೆ ಬೇಸಿಗೂ ಮಿಕ್ಸರಿಗೂ ನಡುವೆ ಹಾಕುವ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಎರಡು ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಇರುವ ಜ್ಯಾಝ್ ಬೇಸ್ ಮಾದರಿ ಆದರೆ ಎರಡೂ ವಾಲ್ಯೂಮ್ ಪೂರ್ತಿ ತೆರೆಯಿರಿ, ಎರಡು ಪಿಕಪ್‌ಗಳ ಹಮ್ ಒಂದನ್ನೊಂದು ಅಳಿಸುತ್ತದೆ.

ಹಾಡುವವರ ಶ್ರುತಿಗೆ

ಇಲ್ಲಿ ಗಾಯಕರು ಸಿ, ಡಿ ಎನ್ನುವುದು ಕಡಿಮೆ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಬಿಳಿ ಒಂದು, ಕಪ್ಪು ಎರಡು ಎನ್ನುತ್ತಾರೆ. ಬಿಳಿ ಒಂದಕ್ಕೆ ಷಡ್ಜ ಎ ತಂತಿಯ ಮೂರನೇ ಫ್ರೆಟ್, ಕೆಳಗಿನ ಪಂಚಮ ಇ ತಂತಿಯ ಮೂರನೇ ಫ್ರೆಟ್. ಕಪ್ಪು ಒಂದಕ್ಕೆ ಎರಡೂ ನಾಲ್ಕರಲ್ಲಿ, ಕಪ್ಪು ಎರಡಕ್ಕೆ ಆರರಲ್ಲಿ. ಹೆಂಗಸರ ಬಿಳಿ ಐದಕ್ಕೆ ಷಡ್ಜ ಇ ತಂತಿಯ ಮೂರರಲ್ಲಿ, ಪಂಚಮ ಎ ತಂತಿಯ ಐದರಲ್ಲಿ. ಕಪ್ಪು ಎರಡರಲ್ಲಿ ಮಾತ್ರ ಒಂದು ತೊಡಕು: ತಗ್ಗಿನ ಷಡ್ಜ, ಅಂದರೆ 38.9 ಹರ್ಟ್ಸ್, ಬಿಟ್ಟ ಇ ತಂತಿಯ 41.2ಕ್ಕಿಂತ ಅರ್ಧ ಸ್ವರ ಕೆಳಗೆ. ಐದು ತಂತಿಯ ಬೇಸಿದ್ದರೆ ಬಿ ತಂತಿಯ ನಾಲ್ಕನೇ ಫ್ರೆಟ್‌ನಲ್ಲಿ ಸಿಗುತ್ತದೆ. ಇಲ್ಲದವರು ಬೇಸರಪಡಬೇಕಿಲ್ಲ, ಬಾಡಿಗೆಯ ಸಣ್ಣ ಸ್ಪೀಕರ್‌ಗಳಲ್ಲಿ ಅಷ್ಟು ತಗ್ಗಿನ ಸ್ವರ ಹೇಗೂ ಸರಿಯಾಗಿ ಹೊರಡುವುದಿಲ್ಲ, ಎ ತಂತಿಯದೇ ಸ್ಪಷ್ಟ.

ಭಜನೆಗೆ ಕೂತರೆ ಟ್ಯೂನರನ್ನು ನಂಬುವ ಮೊದಲು ಹಾರ್ಮೋನಿಯಂನ ಬಿಳಿ ಆರನ್ನು ಒತ್ತಿಸಿ ಕೇಳಿ. ಹಳೆ ಪೆಟ್ಟಿಗೆಗಳು 440 ಹರ್ಟ್ಸ್‌ನಲ್ಲಿ ಇರಬೇಕೆಂದಿಲ್ಲ. ಅದು 8 ಸೆಂಟ್ (ಸೆಂಟ್ ಎಂದರೆ ಅರ್ಧ ಸ್ವರದ ನೂರರಲ್ಲೊಂದು ಭಾಗ) ಏರಿದ್ದರೆ ಟ್ಯೂನರಿನ ಆಧಾರವನ್ನು 442ಕ್ಕೆ ಹೊಂದಿಸಿ, ಆಮೇಲೆ ತಂತಿ ಕೂಡಿಸಿ. ತಬಲಾದ ಎಡ ನುಡಿಯುವ ಜಾಗದಲ್ಲಿ ಬೇಸ್ ಉದ್ದ ಸ್ವರ ಎಳೆದರೆ ಎರಡೂ ಕಲಸಿಹೋಗುತ್ತವೆ. ಅಲ್ಲಿ ಬಲಗೈಯ ಅಂಗೈಯಂಚನ್ನು ಬ್ರಿಡ್ಜಿನ ಪಕ್ಕ ತಂತಿಗೆ ತಾಗಿಸಿ ಮೊಟಕಾಗಿ ನುಡಿಸಿ.

ಕಿವಿ ಹದ ಮಾಡಲು ಇಳಯರಾಜರ 1980ರ ದಶಕದ ಚಿತ್ರಸಂಗೀತಕ್ಕಿಂತ ಹತ್ತಿರದ ಪಾಠ ಬೇರೆ ಬೇಡ. ಅಲ್ಲಿ ಬೇಸ್ ಷಡ್ಜ ಕಾಯುತ್ತಾ ಕೂರದೆ ತನ್ನದೇ ರಾಗ ಹಾಡುತ್ತದೆ. ಇನ್ನೊಬ್ಬರು ಅಮೆರಿಕದ ರೆಕಾರ್ಡ್ ಕಂಪನಿ ಮೊಟೌನ್‌ನ ಬೇಸ್ ವಾದಕ ಜೇಮ್ಸ್ ಜೇಮರ್ಸನ್: ಬಲಗೈಯ ಒಂದೇ ತೋರುಬೆರಳು, ಫ್ಲ್ಯಾಟ್‌ವೌಂಡ್ (ಚಪ್ಪಟೆ ಸುತ್ತಿನ ನುಣುಪು) ತಂತಿ. ಫೋನಿನ ಸ್ಪೀಕರ್‌ನಲ್ಲಿ ಈ ಸ್ವರಗಳು ಕೇಳುವುದಿಲ್ಲ, ಹೆಡ್‌ಫೋನ್ ಬೇಕು. ವೇಗ 60 ಶೇಕಡಾಕ್ಕೆ ಇಳಿಸಿ, ಬೇಸಿನ ಸಾಲನ್ನು ಮೊದಲು ಬಾಯಲ್ಲಿ ಹಾಡಿ, ತಪ್ಪಿಲ್ಲದೆ ಹಾಡಲು ಬಂದ ಮೇಲೆ ವಾದ್ಯ ಎತ್ತಿಕೊಳ್ಳಿ.